ನೀರು ಬಿಡದ ವಿಮಾನ ಮತ್ತು ಕಿರಣನ ಬಿಸ್ನೆಸ್ ಪ್ಲಾನು

ಜುಲೈ ತಿಂಗಳ ಮಲ್ಪೆ ಹೇಗಿರ್ತದೆ ಅಂತ ನೋಡಿದವರಿಗೆ ಹೇಳ್ಬೇಕಿಲ್ಲ, ನೋಡದವರಿಗೆ ಹೇಳಿದ್ರೂ ಪ್ರಯೋಜನ ಇಲ್ಲ. ಮೀನುಗಾರಿಕೆಗೆ ರಜೆ, ಬೋಟೆಲ್ಲ ಬಂದರಲ್ಲಿ ಒಂದಕ್ಕೊಂದು ಮೈ ಒತ್ತಿಕೊಂಡು ಮದುವೆ ಮನೆ ಚಪ್ಪಲಿ ಹಾಗೆ ನಿಂತಿವೆ, ಮಳೆ ಮೇಲಿಂದ ಬರ್ತದಾ ಬದಿಯಿಂದ ಬರ್ತದಾ ಅಂತ ಗೊತ್ತಾಗುದಿಲ್ಲ. ನಾವು ನಾಲ್ಕು ಜನ ಅಕ್ಕನ ಕ್ಯಾಂಟೀನಿನ ಒಳಗೆ ಕಡಪಾ ಕಲ್ಲಿನ ಟೇಬಲ್ಲಿಗೆ ಒರಗಿ ಗೋಳಿಬಜೆ ಮೂರನೇ ಪ್ಲೇಟಿಗೆ ಹೇಳಿ ಕೂತಿದ್ದೆವು. ನಾನು, ಬೋಟ್ ಮನೆತನದ ಗಣೇಶ, ಹುಬ್ಬಳ್ಳಿಯಿಂದ ಬಂದು ಇಲ್ಲೇ ಮೆಕ್ಯಾನಿಕಲ್ ಪಾಠ ಮಾಡ್ತಾ ಹತ್ತು ವರ್ಷ ಆದ್ರೂ ಇನ್ನೂ ಮೀನಿನ ಮುಳ್ಳು ತೆಗೆಯಲಿಕ್ಕೆ ಬಾರದ ಬಸು, ಮತ್ತೆ ಬೆಂಗಳೂರಿಂದ ವರ್ಕ್ ಫ್ರಮ್ ಹೋಮ್ ಅಂತ ಬಂದು ವರ್ಕ್ ಬಿಟ್ಟು ಬೇರೆಲ್ಲ ಮಾಡ್ತಿರುವ ಕಿರಣ.

ಕಿರಣ ಎರಡು ಗೋಳಿಬಜೆ ಒಟ್ಟಿಗೆ ಬಾಯಿಗೆ ಹಾಕಿ ಹೇಳಿದ, "ಗುರು, ನಾನೊಂದ್ ಡಿಸೈಡ್ ಮಾಡಿದೀನಿ. ಸೀಪ್ಲೇನ್."

"ಸೀಪ್ಲೇನ್ ಎಂತ?" ಅಂದ ಗಣೇಶ.

"ಬಿಸ್ನೆಸ್ಸು. ಮಲ್ಪೆ ಟು ಸೈಂಟ್ ಮೇರೀಸ್ ಐಲ್ಯಾಂಡು. ಬೋಟಲ್ಲಿ ಹೋದ್ರೆ ವಾಂತಿ, ಪ್ಲೇನಲ್ಲಿ ಹೋದ್ರೆ ರೀಲ್ಸ್. ರನ್‌ವೇ ಬೇಡ, ಜಾಗ ಬೇಡ, ಬಾಡಿಗೆ ಇಲ್ಲ. ಸಮುದ್ರ ಇರೋದೇ ಫ್ರೀ. ಕೆಳಗಡೆ ಚಕ್ರ ಬಿಚ್ಚು, ಎರಡು ಡಬ್ಬ ಕಟ್ಟು, ನೀರಲ್ಲಿ ಓಡ್ಸು, ಎತ್ತು. ಸಿಂಪಲ್ಲು."

ನನಗೆ ಹಳೆ ವಿಮಾನಗಳ ಹುಚ್ಚು ಉಂಟು ಅಂತ ಈ ಮೂವರಿಗೂ ಗೊತ್ತು, ಅದಕ್ಕೇ ಅವರು ನನ್ನೆದುರು ವಿಮಾನದ ವಿಷಯ ತೆಗೆಯುದಿಲ್ಲ. ಇವತ್ತು ಅವನೇ ತೆಗೆದದ್ದು, ತಪ್ಪು ನನ್ನದಲ್ಲ. "ಸಿಂಪಲ್ ಅಂತ ಹೇಳಿದ್ಯಲ್ಲ, ನಿನ್ನ ಹಾಗೇ ಸಿಂಪಲ್ ಅಂತ ಅಂದುಕೊಂಡವರು ನೂರು ವರ್ಷದ ಹಿಂದೆ ಒಂದು ಇಡೀ ನೌಕಾಪಡೆ ತುಂಬ ಇದ್ರು" ಅಂದೆ.

"ಶುರು ಆತು ನೋಡಪಾ" ಅಂದ ಬಸು. "ಅಕ್ಕಾ, ಚಾ ನಾಕು."

ಮೊದಲು ಫ್ರಾನ್ಸಿನ ಆಂರಿ ಫಾಬ್ರ್ ಕಥೆ ಹೇಳಿದೆ. ಮಾರ್ಸೇಲಿನವನು, ಹಡಗು ವ್ಯಾಪಾರದ ಮನೆತನ, ಅಂದ್ರೆ ಒಂದು ನಮೂನೆ ಫ್ರೆಂಚ್ ಗಣೇಶ. 1910ರ ಮಾರ್ಚ್ 28ಕ್ಕೆ ಮಾರ್ತಿಗ್ ಊರಿನ ಹತ್ತಿರ ಬೆರ್ ಅನ್ನುವ ಹಿನ್ನೀರಿನಲ್ಲಿ ತನ್ನದೇ ಯಂತ್ರ ಇಳಿಸಿದ, 50 ಅಶ್ವಶಕ್ತಿಯ ನೋಮ್ ಎಂಜಿನ್ನು, ಮುಂದೆ ಒಂದು ತೇಲುವ ಪೆಟ್ಟಿಗೆ ಹಿಂದೆ ಎರಡು, ಎಂಜಿನ್ ಬೆನ್ನ ಹಿಂದೆ, ಬಾಲ ಮೂತಿ ಕಡೆ. ನೀರಿಂದ ಎದ್ದು ಸುಮಾರು ಅರ್ಧ ಕಿಲೋಮೀಟರ್ ಹಾರಿ ಮತ್ತೆ ನೀರಿಗೇ ಇಳಿದ. ಎಂಜಿನ್ ಇರುವ ವಿಮಾನ ನೀರಿನಿಂದ ಎದ್ದದ್ದು ಅದೇ ಮೊದಲು.

"ಪೈಲಟ್ ಯಾರು?"

"ಅವನೇ."

"ಎಕ್ಸ್‌ಪೀರಿಯೆನ್ಸ್ ಎಷ್ಟಿತ್ತು?"

"ಸೊನ್ನೆ. ಅದಕ್ಕೂ ಮುಂಚೆ ಅವನು ಯಾವ ವಿಮಾನವನ್ನೂ ಹಾರಿಸಿರ್ಲಿಲ್ಲ."

ಕಿರಣ ಟೇಬಲ್ ಕುಟ್ಟಿದ, "ನೋಡ್ದ್ಯಾ! ಸಿಂಪಲ್ ಅಂದ್ನಲ್ಲ! ಆಮೇಲೇನಾದ, ಸತ್ನಾ?"

"ಸತ್ತ. 1984ರಲ್ಲಿ. ವಯಸ್ಸು 101."

ಇದಕ್ಕೆ ಯಾರ ಹತ್ತಿರವೂ ಉತ್ತರ ಇರ್ಲಿಲ್ಲ. ಆ ಕಾಲದ ಹಾರುವವರಲ್ಲಿ ಅಷ್ಟು ವರ್ಷ ಬದುಕಿದವರನ್ನ ಬೆರಳಲ್ಲಿ ಎಣಿಸಬಹುದು, ಈ ಮನುಷ್ಯ ಚಂದ್ರನ ಮೇಲೆ ಜನ ಇಳಿದದ್ದನ್ನೂ ನೋಡಿ, ಇನ್ನೂ 15 ವರ್ಷ ಆರಾಮ ಇದ್ದು ಹೋದ. ಗಣೇಶ ಮಾತ್ರ ಗೋಳಿಬಜೆ ಚಟ್ನಿಗೆ ಅದ್ದುತ್ತಾ, "ಹಿನ್ನೀರು ಅಂದ್ಯಲ್ಲ, ಕಡಲಲ್ಲ" ಅಂದ. ಬೋಟ್‌ನವರ ಕಿವಿ ನೋಡಿ, ಅವನಿಗೆ ಬೇಕಾದ್ದು ಅದೊಂದೇ ಶಬ್ದ.

ಅಮೆರಿಕದಲ್ಲಿ ಗ್ಲೆನ್ ಕರ್ಟಿಸ್. ಸೈಕಲ್ಲು, ಮೋಟಾರ್ ಸೈಕಲ್ಲು ಮಾಡ್ತಿದ್ದವ. 1911ರ ಜನವರಿ 26ಕ್ಕೆ ಸ್ಯಾನ್ ಡಿಯಾಗೋದಲ್ಲಿ ನೀರಿಂದ ಎತ್ತಿದ, ಮುಂದಿನ ತಿಂಗಳೇ ಪೆನ್ಸಿಲ್ವೇನಿಯಾ ಅನ್ನುವ ಯುದ್ಧಹಡಗಿನ ಪಕ್ಕ ಹೋಗಿ ನಿಂತ, ಅವರು ಕ್ರೇನಲ್ಲಿ ಎತ್ತಿ ಡೆಕ್ಕಿಗೆ ಇಟ್ಟು ಮತ್ತೆ ನೀರಿಗೆ ಇಳಿಸಿದ್ರು, ಇವನು ವಾಪಸ್ ಹಾರಿ ಹೋದ. ನೌಕಾಪಡೆಯವರು ಇದನ್ನೇ ಕಾಯ್ತಿದ್ದದ್ದು. ಆ ವರ್ಷ ಜುಲೈಗೆ ಅವನಿಂದ ತಮ್ಮ ಮೊದಲ ವಿಮಾನ ತಗೊಂಡ್ರು.

"ಅದಕ್ಕಿಂತ ಮುಂಚೆ ಅದೇ ಪೆನ್ಸಿಲ್ವೇನಿಯಾ ಹಡಗಿನ ಮೇಲೆ ಯೂಜೀನ್ ಎಲಿ ಅಂತ ಒಬ್ಬ ಚಕ್ರದ ವಿಮಾನವನ್ನೇ ಇಳಿಸಿದ್ದ. ಮರದ ಡೆಕ್ ಹಾಕಿ, ಅಡ್ಡಕ್ಕೆ ಹಗ್ಗ ಕಟ್ಟಿ, ಹಗ್ಗದ ತುದಿಗೆ ಮರಳು ಚೀಲ. ಅವನಿಗೆ ಈಜು ಬರ್ತಿರ್ಲಿಲ್ಲ. ಲೈಫ್ ಜಾಕೆಟ್ ಬದಲಿಗೆ ಸೈಕಲ್ ಟ್ಯೂಬನ್ನ ಮೈಗೆ ಸುತ್ತಿಕೊಂಡಿದ್ದ."

"ನಮ್ ಊರ ಬಾವ್ಯಾಗ ಈಜು ಕಲಿಯೋ ಹುಡುಗ್ರು ಹಂಗ" ಅಂದ ಬಸು.

"ಇಂಗ್ಲೆಂಡಲ್ಲಿ ಇನ್ನೂ ಮಜಾ. ಆಲಿವರ್ ಶ್ವಾನ್ ಅಂತ ನೌಕಾಪಡೆ ಕಮಾಂಡರ್. 700 ಪೌಂಡ್ ಕೊಟ್ಟು ಒಂದು ಆವ್ರೋ ವಿಮಾನ ತಗೊಂಡ, ಅದಕ್ಕೆ ಬಗೆಬಗೆಯ ತೇಲು ಪೆಟ್ಟಿಗೆ ಕಟ್ಟಿ ಕಟ್ಟಿ ಬ್ಯಾರೋ ಊರಿನ ಹಡಗುಕಟ್ಟೆಯಲ್ಲಿ ಅತ್ತ ಇತ್ತ ಓಡಿಸ್ತಿದ್ದ. ಪೈಲಟ್ ಲೈಸೆನ್ಸ್ ಇರ್ಲಿಲ್ಲ. 1911ರ ನವೆಂಬರ್ 18ಕ್ಕೆ ಅದು ಎದ್ದೇ ಬಿಟ್ಟಿತು. ಎದ್ದ ಮೇಲೆ ಇಳಿಸುದು ಹೇಗೆ ಅಂತ ಗೊತ್ತಿಲ್ಲದೆ ಜಖಂ ಮಾಡಿಕೊಂಡ. ಆಮೇಲೆ ಮೊದಲ ಮಹಾಯುದ್ಧದ ಕಾಲದಲ್ಲಿ ತನ್ನ ಹೆಸರು ಜರ್ಮನ್ ಕೇಳಿಸ್ತದೆ ಅಂತ ಸ್ವಾನ್ ಅಂತ ಬದಲಿಸಿಕೊಂಡ."

"ಸ್ವಾನ್ ಅಂದ್ರ ಹಂಸ" ಅಂದ ಬಸು. "ನೀರಾಗಿಂದ ಎದ್ದವಗ ಸರಿಯಾದ ಹೆಸರ ಬಿಡು. ನಮ್ ಕಡೆ ಆಗಿದ್ರ ಬಾತುಕೋಳಿ ಅಂತಿದ್ವಿ."

ಹೆಸರು ಅಂದಾಗ ನೆನಪಾಯ್ತು, ಆಗ ಇದಕ್ಕೆ ಹೈಡ್ರೋ ಏರೋಪ್ಲೇನ್ ಅಂತ ಮಾರುದ್ದದ ಹೆಸರು ಇತ್ತು. ಸೀಪ್ಲೇನ್ ಅನ್ನುವ ಶಬ್ದವನ್ನ 1913ರಲ್ಲಿ ಚಲಾವಣೆಗೆ ತಂದ ಖ್ಯಾತಿ ಚರ್ಚಿಲ್‌ಗೆ ಹೋಗ್ತದೆ, ಆಗ ಅವರು ನೌಕಾಖಾತೆ ಮಂತ್ರಿ. ಇದನ್ನ ಹೇಳಿದ ಕೂಡ್ಲೇ ಕಿರಣ ಫೋನಲ್ಲಿ ನೋಟ್ ಮಾಡಿಕೊಂಡ, ಬಹುಶಃ ಬ್ರ್ಯಾಂಡಿಂಗಿಗೆ.

"ಸರಿ, ಎಲ್ರೂ ಎದ್ರಲ್ಲ, ಪ್ರಾಬ್ಲಮ್ ಎಲ್ಲಿದೆ?" ಅಂದ.

ಬಸು ಇಲ್ಲಿತನಕ ಸುಮ್ಮನೆ ಕೂತಿದ್ದವ ಮೇಷ್ಟ್ರು ಆಗಿಬಿಟ್ಟ. ಗೋಳಿಬಜೆ ಖಾಲಿಯಾದ ಸ್ಟೀಲ್ ತಟ್ಟೆ ಎತ್ತಿ, ಲೋಟದ ನೀರನ್ನ ಸೀದಾ ಕಡಪಾ ಕಲ್ಲಿನ ಮೇಲೆ ಸುರಿದು, ತಟ್ಟೆಯನ್ನ ಅದರ ಮೇಲಿಟ್ಟು ಅಂಗೈಯಿಂದ ಒತ್ತಿದ. ಅಕ್ಕ ಒಳಗಿಂದ "ಟೇಬಲ್ ಒರೆಸುವವರು ಯಾರು?" ಅಂದದ್ದು ಕೇಳಿಸಿದ್ರೂ ಕೇಳಿಸದ ಹಾಗೆ, "ಈಗ ಎತ್ತಲೇ. ಅಡ್ಡ ಜಾರಸಬಾರ್ದು, ನೆಟ್ಟಗ ಮ್ಯಾಲ ಎತ್ತಬೇಕು" ಅಂದ.

ಕಿರಣ ತಟ್ಟೆಯ ಅಂಚು ಹಿಡಿದು ಎಳೆದ. ಬರ್ಲಿಲ್ಲ. ಎರಡೂ ಕೈ ಹಾಕಿದ, ಕಲ್ಲು ಕಾಲಿನ ಮೇಲೆ ಕೂತದ್ದು ಅಲ್ಲಾಡಿ ಚಾ ಲೋಟಗಳು ಟಣ್ ಟಣ್ ಅಂದವು, ಗಣೇಶ ತನ್ನ ಚಾವನ್ನ ಎತ್ತಿ ಕೈಯಲ್ಲಿ ಹಿಡಿದುಕೊಂಡ. ತಟ್ಟೆ ಅಲ್ಲೇ ಉಂಟು. ಬಸು ಚಮಚದ ಹಿಡಿಯನ್ನ ತಟ್ಟೆಯ ಅಂಚಿನ ಕೆಳಗೆ ಒಂದು ಕೂದಲೆಳೆಯಷ್ಟು ತೂರಿಸಿದ, ಪುಸಕ್ ಅಂತ ಗಾಳಿ ಒಳಗೆ ಹೋದ ಶಬ್ದ ಬಂತು, ತಟ್ಟೆ ಹಾರಿ ಕಿರಣನ ಗಲ್ಲಕ್ಕೆ ಬಡೀತು.

"ತಿಳೀತೇನ? ನೀರು ತಳ ಬಿಡಂಗಿಲ್ಲ. ನಿನ್ನ ಡಬ್ಬದ ತಳ ಎಷ್ಟು ನುಣುಪ ಇರ್ತೈತಿ ಅಷ್ಟು ಗಟ್ಟಿ ಹಿಡಕೊಂತೈತಿ. ಅದಕ್ಕ ತಳದಾಗ ಅಡ್ಡಕ್ಕ ಒಂದು ಮೆಟ್ಟಿಲ ಮಾಡ್ತಾರ. ಸ್ಪೀಡ್ ಬಂದಾಗ ನೀರು ಆ ಮೆಟ್ಟಿಲ ಅಂಚಿಗೆ ಹರಕೊಂತೈತಿ, ಹಿಂದಿನ ಭಾಗಕ್ಕ ಗಾಳಿ ನುಗ್ತೈತಿ, ಆಮ್ಯಾಲ ಮೂತಿ ಎತ್ತಬಹುದು. ಮೆಟ್ಟಿಲ ಇಲ್ಲಾ ಅಂದ್ರ ಎಂಜಿನ್ ಒದರತೈತಿ, ನೀರು ಚೆಲ್ಲತೈತಿ, ನೀ ಇಡೀ ಅರಬ್ಬಿ ಸಮುದ್ರ ಓಡಿಸಿಕೊಂತ ಮಸ್ಕತ್ತಿಗೆ ಹೊಕ್ಕಿ."

ಕರ್ಟಿಸ್ ಕೂಡ ಇದೇ ತಟ್ಟೆ ಜೊತೆ ಒದ್ದಾಡಿದ್ದು. 1912ರಲ್ಲಿ ಹ್ಯಾಮಂಡ್ಸ್‌ಪೋರ್ಟಿನ ಕ್ಯೂಕಾ ಕೆರೆಯಲ್ಲಿ ಅವನ ಹಾರುವ ದೋಣಿ, ಅಂದ್ರೆ ಹೊಟ್ಟೆಯೇ ದೋಣಿ ಹಾಗಿರುವ ವಿಮಾನ, ನೀರು ಬಿಟ್ಟು ಏಳ್ಲೇ ಇಲ್ಲ, ಕೊನೆಗೆ ತಳಕ್ಕೆ ಆ ಮೆಟ್ಟಿಲು ಹಾಕಿದ ಮೇಲೆ ಎದ್ದದ್ದು. ಇವತ್ತಿನ ತನಕ ಯಾವ ಸೀಪ್ಲೇನ್ ತಳ ನೋಡಿದ್ರೂ ಆ ಮೆಟ್ಟಿಲು ಉಂಟು. ನೂರ ಹತ್ತು ವರ್ಷದ ಮೇಲಾಯ್ತು, ತಟ್ಟೆ ಸಮಸ್ಯೆ ತಟ್ಟೆ ಸಮಸ್ಯೆಯೇ.

ಗಣೇಶನಿಗೆ ಈಗ ಉಮೇದು ಬಂತು. "ಹಾಗಾದ್ರೆ ಡಿಸೆಂಬರ್ ಬೆಳಿಗ್ಗೆ ನಮ್ಮ ಕಡಲು ಎಣ್ಣೆ ಹಾಗಿರ್ತದಲ್ಲ, ಒಂದು ತೆರೆ ಇಲ್ಲ, ಅದರಲ್ಲಿ ಏಳುದೇ ಇಲ್ವಾ?"

"ಅದೇ ಕಷ್ಟ. ಸಣ್ಣ ಅಲೆ ಇದ್ರೆ ತಳಕ್ಕೆ ಗಾಳಿ ಸಿಗ್ತದೆ. ಎಣ್ಣೆ ಹಾಗಿದ್ರೆ ಯಾರಾದ್ರೂ ಮುಂದೆ ಒಂದು ದೋಣಿ ಓಡಿಸಿ ಅಲೆ ಎಬ್ಬಿಸ್ಬೇಕು."

"ಅಲೆ ಜಾಸ್ತಿ ಆದ್ರೆ?"

"ಪೆಟ್ಟಿಗೆ ಒಡೀತದೆ."

"ಅಂದ್ರೆ ಕಡಲು ಸುಮ್ಮನಿದ್ರೂ ಆಗುದಿಲ್ಲ, ಎದ್ರೂ ಆಗುದಿಲ್ಲ. ಇದು ವಿಮಾನವಾ ನಮ್ಮ ದೊಡ್ಡತ್ತೆಯಾ?"

ಕಿರಣ ಸೋಲುವ ಜನ ಅಲ್ಲ. "ಡಿಸೈನ್ ಇಂಪ್ರೂವ್ ಆಗುತ್ತೆ ಗುರು, ಇಂಜಿನಿಯರಿಂಗ್ ಅಂದ್ರೆ ಅದೇ ತಾನೆ."

ಆಗ್ತದೆ, ಆದದ್ದೂ ಹೌದು, ಆದ ರೀತಿ ಮಾತ್ರ ಕೇಳ್ಬೇಕು. ಮೊನಾಕೋದಲ್ಲಿ ಶ್ನೈಡರ್ ಟ್ರೋಫಿ ಅಂತ ಸೀಪ್ಲೇನ್ ರೇಸ್ ನಡೀತಿತ್ತು. 1913ರಲ್ಲಿ ಪ್ರೆವೋ ಅಂತ ಫ್ರೆಂಚ್ ಪೈಲಟ್ ಎಲ್ಲ ಸುತ್ತು ಮುಗಿಸಿ, ಗೆರೆ ಬರುವ ಮೊದ್ಲೇ ನೀರಿಗಿಳಿದು ದೋಣಿ ಹಾಗೆ ತೇಲಿಕೊಂಡು ಗೆರೆ ದಾಟಿದ. ತೀರ್ಪುಗಾರರು ಹೇಳಿದ್ರು, ಆಗುದಿಲ್ಲ, ಗೆರೆಯನ್ನ ಹಾರಿಯೇ ದಾಟ್ಬೇಕು. ಇವನು ಸಿಟ್ಟಲ್ಲಿ ಕೂತ. ಅಷ್ಟರಲ್ಲಿ ಎದುರಾಳಿಯ ಎಂಜಿನ್ ಕೆಟ್ಟು ನಿಂತಿತು, ಇವನು ಪುನಃ ಎದ್ದು ಹೋಗಿ ಸರಿಯಾಗಿ ದಾಟಿ ಗೆದ್ದ. ಕೂತ ಸಮಯವನ್ನೂ ಲೆಕ್ಕಕ್ಕೆ ಹಿಡಿದು ಅವನ ಸರಾಸರಿ ವೇಗ ಗಂಟೆಗೆ 45 ಮೈಲಿ ಅಂತ ಬರೆದಿಟ್ರು.

"ಥೇಟ್ ಆರ್‌ಟಿಓ" ಅಂದ ಕಿರಣ.

"ಮುಂದಿನ ವರ್ಷ ಇಂಗ್ಲೆಂಡಿನ ಸಾಪ್‌ವಿತ್ ಕಂಪನಿಯವರು ತಮ್ಮ ಪುಟ್ಟ ಟ್ಯಾಬ್ಲಾಯ್ಡ್ ವಿಮಾನ ತಯಾರು ಮಾಡಿದ್ರು. ನಡುವಲ್ಲಿ ಒಂದೇ ಪೆಟ್ಟಿಗೆ. ಟೆಸ್ಟಿಗೆ ಅಂತ ಪಿಕ್ಸ್ಟನ್ ಅನ್ನುವ ಪೈಲಟ್ ಎಂಜಿನ್ ಜೋರು ಮಾಡಿದ್ದೇ ತಡ, ವಿಮಾನ ಲಾಗ ಹಾಕಿ ಅವನನ್ನ ನೀರಿಗೆ ಎಸೀತು. ರೇಸಿಗೆ ದಿನ ಇಲ್ಲ. ಹೊಸ ಪೆಟ್ಟಿಗೆ ಮಾಡಲಿಕ್ಕೆ ಪುರುಸೊತ್ತಿಲ್ಲ. ಎಂತ ಮಾಡಿದ್ರು ಹೇಳು?"

"ಪೂಜೆ ಮಾಡ್ಸಿದ್ರಾ?"

"ಗರಗಸ ತಗೊಂಡು ಅದೇ ಪೆಟ್ಟಿಗೆಯನ್ನ ಉದ್ದಕ್ಕೆ ನಡುವೆ ಸೀಳಿದ್ರು. ಒಂದು ಇದ್ದದ್ದು ಎರಡಾಯ್ತು, ಆಚೆ ಒಂದು ಈಚೆ ಒಂದು ಕಟ್ಟಿದ್ರು. 1914ರ ಏಪ್ರಿಲ್ 20ಕ್ಕೆ ಮೊನಾಕೋದಲ್ಲಿ ಅದೇ ಗೆದ್ದದ್ದು."

ಬಸು ಎದ್ದು ನಿಂತು ಕೈ ಮುಗಿದ. ನಿಜವಾಗಿ ನಿಂತ. "ಇದನ್ನ ಸೆಕೆಂಡ್ ಇಯರ್ ಹುಡುಗರಿಗೆ ಹೇಳ್ತೀನಿ. ನನಗ ಡಿಸೈನ್ ಅಂದ್ರ ಇದ."

ಆ ಗರಗಸದ ವಿಮಾನದ ತಮ್ಮಂದಿರೇ ಯುದ್ಧದಲ್ಲಿ ನೌಕಾಪಡೆಗೆ ಸೇರಿದ್ದು, ಸಾಪ್‌ವಿತ್ ಶ್ನೈಡರ್ ಅಂತ ರೇಸಿನ ಹೆಸರೇ ಇಟ್ಟು. ಯುದ್ಧ ಶುರುವಾದ ಕೂಡ್ಲೇ ಇಂಗ್ಲಿಷರು ಫ್ರಾನ್ಸ್ ಕಡೆಗೆ ಇಂಗ್ಲಿಷ್ ಕಾಲುವೆ ದಾಟಿಸುವ ಪ್ಯಾಸೆಂಜರ್ ಹಡಗುಗಳನ್ನ ಹಿಡಿದು, ಅಂದ್ರೆ ನಮ್ಮ ಲೆಕ್ಕದಲ್ಲಿ ಉಡುಪಿ ಕಾರ್ಕಳ ಸರ್ವಿಸ್ ಬಸ್ಸನ್ನ ಹಿಡಿದು, ಹಿಂದೆ ಒಂದು ಶೆಡ್ ಕಟ್ಟಿ ಸೀಪ್ಲೇನ್ ಹಡಗು ಅಂತ ಮಾಡಿದ್ರು. ಎಂಗಡೀನ್, ರಿವಿಯೇರಾ, ಎಂಪ್ರೆಸ್. ಜಪಾನಿನವರು ಅಷ್ಟರಲ್ಲೇ, 1914ರ ಸೆಪ್ಟೆಂಬರಲ್ಲಿ, ವಕಾಮಿಯಾ ಅನ್ನುವ ಹಳೆ ಸರಕು ಹಡಗಿನಿಂದ ಫಾರ್ಮನ್ ಸೀಪ್ಲೇನ್ ಇಳಿಸಿ ಚೀನಾದ ಛಿಂಗ್‌ದಾವ್‌ನಲ್ಲಿದ್ದ ಜರ್ಮನರ ಮೇಲೆ ಬಾಂಬ್ ಹಾಕಿ ಆಗಿತ್ತು. ಆಮೇಲೆ ವಕಾಮಿಯಾಗೆ ನೀರೊಳಗಿನ ಮೈನ್ ತಾಗಿತು, ಅದು ಬೇರೆ ಕಥೆ.

1914ರ ಕ್ರಿಸ್ಮಸ್ ಬೆಳಿಗ್ಗೆ ಇಂಗ್ಲಿಷರು ಜರ್ಮನಿಯ ಕುಕ್ಸ್‌ಹಾಫನ್ ಹತ್ತಿರದ, ಜೆಪ್ಲಿನ್ ಅನ್ನುವ ದೊಡ್ಡ ಗಾಳಿಹಡಗುಗಳ ಶೆಡ್ಡುಗಳ ಮೇಲೆ ಹೋದ್ರು. ಆ ಮೂರು ಹಡಗಿನಿಂದ ಒಂಬತ್ತು ಸೀಪ್ಲೇನ್ ನೀರಿಗೆ ಇಳಿಸಿದ್ರು, ಎದ್ದದ್ದು ಏಳು. ಮಂಜಿನಲ್ಲಿ ಶೆಡ್ಡೇ ಸಿಗ್ಲಿಲ್ಲ. ವಾಪಸ್ ಹಡಗಿನ ಹತ್ತಿರ ಬಂದದ್ದು ಮೂರು. ಇನ್ನು ಮೂರರ ಜನರನ್ನ ಇ-11 ಅನ್ನುವ ಜಲಾಂತರ್ಗಾಮಿ ಹತ್ತಿಸಿಕೊಂಡಿತು.

"ಒಂದು ಬಾಕಿ ಉಂಟು" ಅಂದ ಗಣೇಶ. ಬೋಟಿನವ, ಜನ ಲೆಕ್ಕ ಹಾಕದೆ ದಡಕ್ಕೆ ಬರುವವನಲ್ಲ.

"ಹ್ಯೂಲೆಟ್ ಅಂತ. ಎಂಜಿನ್ ಕೆಟ್ಟು ಕಡಲಲ್ಲಿ ಇಳಿದ. ಸತ್ತ ಅಂತಲೇ ಅಂದುಕೊಂಡಿದ್ರು, ಒಂದು ಡಚ್ ಟ್ರಾಲ್ ಬೋಟಿನವರು ಎತ್ತಿಕೊಂಡು ಹೋಗಿದ್ರು."

"ಹ್ಹಾ!" ಗಣೇಶ ಎದೆ ತಟ್ಟಿಕೊಂಡ. "ಕೊನೆಗೆ ಯಾರು ಬೇಕಾಯ್ತು? ಟ್ರಾಲ್ ಬೋಟು! ವಿಮಾನ ಅಂತೆ ವಿಮಾನ."

"ಇನ್ನೊಂದು ಉಂಟು. ಆ ಹ್ಯೂಲೆಟ್‌ಗೆ ವಿಮಾನ ಹಾರಿಸ್ಲಿಕ್ಕೆ ಕಲಿಸಿದ್ದು ಯಾರು ಗೊತ್ತುಂಟಾ? ಅವನ ಅಮ್ಮ. ಹಿಲ್ಡಾ ಹ್ಯೂಲೆಟ್, 1911ರಲ್ಲಿ ಪೈಲಟ್ ಲೈಸೆನ್ಸ್ ತಗೊಂಡ ಮೊದಲ ಬ್ರಿಟಿಷ್ ಹೆಂಗಸು."

ಇಲ್ಲಿ ಮಾತು ಸ್ವಲ್ಪ ದಾರಿ ತಪ್ಪಿತು, ಯಾಕಂದ್ರೆ ಕಿರಣನಿಗೆ ಸ್ಕೂಟರ್ ಕಲಿಸಿದ್ದೂ ಅವನ ಅಮ್ಮನೇ, ಜಯನಗರದ ಕಾಂಪೌಂಡ್ ಒಂದಕ್ಕೆ ಇನ್ನೂ ಆ ಗುರುತು ಉಂಟಂತೆ.

ನನಗೆ ಈ ಇಡೀ ಚರಿತ್ರೆಯಲ್ಲಿ ತುಂಬ ಇಷ್ಟ ಆದವ ಡೇಕರ್. ಅವನದ್ದು ಹೇಳದೆ ಎದ್ದು ಹೋಗುದಿಲ್ಲ ಅಂತ ಇನ್ನೊಂದು ಚಾ ಹೇಳಿದೆ. ಬೆನ್-ಮೈ-ಕ್ರೀ ಅಂತ ಐಲ್ ಆಫ್ ಮ್ಯಾನ್ ದ್ವೀಪದ ಪ್ಯಾಸೆಂಜರ್ ಹಡಗು, ಆ ಹೆಸರಿಗೆ ಅವರ ಭಾಷೆಯಲ್ಲಿ ನನ್ನ ಹೃದಯದ ಹುಡುಗಿ ಅಂತ ಅರ್ಥ, ಅದನ್ನೂ ಸೀಪ್ಲೇನ್ ಹಡಗು ಮಾಡಿ 1915ರಲ್ಲಿ ತುರ್ಕಿಯ ಗಲಿಪೊಲಿ ಯುದ್ಧಕ್ಕೆ ಕಳಿಸಿದ್ರು. ಅದರಲ್ಲಿದ್ದದ್ದು ಶಾರ್ಟ್ 184 ಅನ್ನುವ ದೊಡ್ಡ ಸೀಪ್ಲೇನ್, 225 ಅಶ್ವಶಕ್ತಿ ಎಂಜಿನ್ನು, ಹೊಟ್ಟೆ ಕೆಳಗೆ 14 ಇಂಚಿನ ಟಾರ್ಪೆಡೊ, ಅಂದ್ರೆ ನೀರೊಳಗೆ ಓಡಿ ಹೋಗಿ ಹಡಗು ಒಡೆಯುವ ಬಾಂಬ್. ಟಾರ್ಪೆಡೊ 350 ಕಿಲೋದ ಮೇಲೆ. ಅದನ್ನ ಹೊತ್ತರೆ ಹಿಂದಿನ ಸೀಟಿನವನನ್ನ ಇಳಿಸ್ಬೇಕು, ಪೆಟ್ರೋಲೂ ಕಡಿಮೆ ಹಾಕ್ಬೇಕು, ಆದ್ರೂ ಏಳುದು ದೇವರ ಇಚ್ಛೆ. ಆಗಸ್ಟ್ 12ಕ್ಕೆ ಎಡ್ಮಂಡ್ಸ್ ಅಂತ ಒಬ್ಬ ಹಾಗೆ ಒಬ್ಬನೇ ಹೋಗಿ ತುರ್ಕರ ಹಡಗಿಗೆ ಗಾಳಿಯಿಂದ ಟಾರ್ಪೆಡೊ ಬಿಟ್ಟು ತಾಗಿಸಿದ, ಲೋಕದಲ್ಲೇ ಮೊದಲು. ಆ ಹಡಗು ಅದಕ್ಕೆ ಮುಂಚೆಯೇ ಜಲಾಂತರ್ಗಾಮಿಯಿಂದ ಪೆಟ್ಟು ತಿಂದು ದಡಕ್ಕೆ ಹತ್ತಿ ಕೂತಿತ್ತು ಅನ್ನುದು ಆಮೇಲೆ ಗೊತ್ತಾದದ್ದು.

"ಸತ್ತ ಹಾವು ಹೊಡ್ದ" ಅಂದ ಬಸು.

"ಐದು ದಿನ ಬಿಟ್ಟು ಡೇಕರ್ ಹೊರಟ. ಅರ್ಧ ದಾರಿಯಲ್ಲಿ ಎಂಜಿನ್ ಕೈ ಕೊಟ್ಟಿತು. ಶತ್ರುವಿನ ನೀರು, ಕೆಳಗೆ ಇಳಿದ. ಬೇರೆಯವನಾದ್ರೆ ಎಂತ ಮಾಡ್ತಿದ್ದ?"

"ಟಾರ್ಪೆಡೊ ಅಲ್ಲೇ ಬಿಸಾಕಿ ಊರಿಗೆ ಹೋಗ್ತಿದ್ದ" ಕಿರಣ.

"ಇವನು ನೋಡಿದ, ಒಂದು ತುರ್ಕಿ ಟಗ್ ಬೋಟು ಕಾಣಿಸ್ತು. ಹಾರ್ಲಿಕ್ಕೆ ಆಗದಿದ್ರೆ ಏನಾಯ್ತು, ತೇಲ್ತಾ ಉಂಟಲ್ಲ ಅಂತ ಆ ಗುರುಗುಟ್ಟುವ ಎಂಜಿನಲ್ಲೇ ನೀರ ಮೇಲೆ ಓಡಿಸಿಕೊಂಡು ಹತ್ತಿರ ಹೋಗಿ, ಅಲ್ಲಿಂದ್ಲೇ ಟಾರ್ಪೆಡೊ ಬಿಟ್ಟು ಅದನ್ನ ಮುಳುಗಿಸಿದ."

"ಏನ್ ಹೇಳ್ತೀಯಾ! ವಿಮಾನಾನ ದೋಣಿ ಮಾಡಿ?"

"ಕೇಳು ಇನ್ನೂ ಉಂಟು. ದಡದಿಂದ ಗುಂಡು ಹೊಡೀಲಿಕ್ಕೆ ಶುರು ಮಾಡಿದ್ರು. ಇವನು ತಿರುಗಿಸಿ ಓಡಿಸಿದ, ಓಡಿಸಿದ, ಈಗ ಟಾರ್ಪೆಡೊ ಭಾರ ಇಲ್ಲವಲ್ಲ, ವಿಮಾನ ಹಗುರಾಗಿದೆ, ಮೆಲ್ಲ ಎದ್ದೇ ಬಿಟ್ಟಿತು, ಹಡಗಿಗೆ ವಾಪಸ್ ಬಂದ."

ನಾಲ್ಕೂ ಜನ ಸ್ವಲ್ಪ ಹೊತ್ತು ಮಳೆ ನೋಡಿದೆವು. ಮೊದಲು ಮಾತಾಡಿದ್ದು ಗಣೇಶ, "ಅವನಿಗೆ ನಮ್ಮ ಬೋಟಲ್ಲಿ ತಾಂಡೇಲ ಕೆಲಸ ಕೊಡ್ಬಹುದಿತ್ತು."

ಕಿರಣನ ಮುಖದಲ್ಲಿ ಮತ್ತೆ ಬೆಳಕು ಬಂದದ್ದು ನೋಡಿ ನನಗೆ ಹೆದರಿಕೆ ಆಯ್ತು, ಅದಕ್ಕೆ ಕೂಡ್ಲೇ ರುಫಿಜಿಗೆ ಹೋದೆ. ಪೂರ್ವ ಆಫ್ರಿಕಾದ ರುಫಿಜಿ ನದಿ ಮುಖಜ, ಕಾಂಡ್ಲಾ ಅಂದ್ರೆ ಮ್ಯಾಂಗ್ರೋವ್ ಕಾಡು, ಕ್ಯೋನಿಗ್ಸ್‌ಬರ್ಗ್ ಅನ್ನುವ ಜರ್ಮನ್ ಯುದ್ಧಹಡಗು ಒಳಗೆ ಅಡಗಿ ಕೂತಿತ್ತು, ಹೊರಗೆ ಇಂಗ್ಲಿಷರು. ಹುಡುಕ್ಲಿಕ್ಕೆ ಸೀಪ್ಲೇನ್ ತಂದ್ರು. ಮೊದಲು ಡರ್ಬನ್‌ನಿಂದ ಕಟ್ಲರ್ ಅಂತ ಒಬ್ಬನನ್ನ ಅವನ ಕರ್ಟಿಸ್ ವಿಮಾನದ ಸಮೇತ ಬಾಡಿಗೆಗೆ ಕರ್ಕೊಂಡು ಬಂದ್ರು, ಅವನು ಹಡಗನ್ನ ಕಂಡು ಹಿಡಿದ, ಆಮೇಲೆ ಅವನನ್ನೇ ಜರ್ಮನರು ಹಿಡಿದ್ರು. ನಂತರ 1915ರ ಫೆಬ್ರವರಿಗೆ ಕಲ್ ಅನ್ನುವ ಪೈಲಟ್ ಎರಡು ಸಾಪ್‌ವಿತ್ ಸೀಪ್ಲೇನ್ ತಂದ. ಇಂಗ್ಲೆಂಡಿನ ಚಳಿಯಲ್ಲಿ ಮಾಡಿದ ಮರದ ವಿಮಾನ, ಇಲ್ಲಿ ಸೆಕೆ ಅಂದ್ರೆ ಸೆಕೆ, ಅಂಟು ಬಿಟ್ಟುಕೊಂಡಿತು, ಪ್ರೊಪೆಲ್ಲರ್ ಸೀಳಿತು. ಬಿಸಿ ಗಾಳಿ ತೆಳು, ರೆಕ್ಕೆಗೂ ಶಕ್ತಿ ಸಿಗುದಿಲ್ಲ ಎಂಜಿನ್ನಿಗೂ ಸಿಗುದಿಲ್ಲ. ನೀರು ಮಾತ್ರ ಬಿಡುದಿಲ್ಲ.

"ಹಂಗಾರ ಏನ್ ಮಾಡಿದ್ರು?"

"ಇಳಿಸ್ತಾ ಹೋದ್ರು. ಬಾಂಬ್ ಇಳಿಸಿದ್ರು, ಏಳ್ಲಿಲ್ಲ. ವೀಕ್ಷಕನನ್ನ ಇಳಿಸಿದ್ರು, ಏಳ್ಲಿಲ್ಲ. ಪೆಟ್ರೋಲನ್ನ ಒಂದು ಗಂಟೆಗೆ ಆಗುವಷ್ಟೇ ಹಾಕಿದ್ರು, ಆಗ ಹೇಗೋ ಎದ್ದಿತು."

"ಬಾಂಬ್ ಹಾಕೋಕ್ ಬಂದೋರು ಬಾಂಬ್ ಬಿಟ್ಟು, ನೋಡೋಕ್ ಬಂದೋರು ನೋಡೋನ್ನ ಬಿಟ್ಟು..."

"ಹೌದು. ಕೊನೆಗೆ ಬುದ್ಧಿ ಬಂದು ಮಾಫಿಯಾ ದ್ವೀಪದಲ್ಲಿ ನೆಲ ಸಮ ಮಾಡಿ ಚಕ್ರದ ವಿಮಾನ ತರಿಸಿದ್ರು. ಜುಲೈ 11ಕ್ಕೆ ಅದರಲ್ಲಿ ಕಲ್ ಮತ್ತು ಆರ್ನಲ್ಡ್ ಮೇಲೆ ಸುತ್ತುತ್ತಾ ವೈರ್‌ಲೆಸ್‌ನಲ್ಲಿ ಗುರಿ ಹೇಳ್ತಾ ಇದ್ರು, ಕೆಳಗಿಂದ ಫಿರಂಗಿ ಹಡಗು ಹೊಡೀತಿತ್ತು. ಇವರ ವಿಮಾನಕ್ಕೇ ಗುಂಡು ತಾಗಿತು. ಬೀಳ್ತಾ ಬೀಳ್ತಾ ಆರ್ನಲ್ಡ್ ಕಳಿಸಿದ ಸಂದೇಶ, ಏಟು ಬಿದ್ದಿದೆ, ದೋಣಿ ಕಳಿಸಿ. ಅಷ್ಟರ ನಡುವೆಯೂ ನಿಮ್ಮ ಗುಂಡೆಲ್ಲ ಹಡಗಿನ ಮುಂಭಾಗಕ್ಕೆ ಬೀಳ್ತಾ ಉಂಟು ಅಂತ ತಿದ್ದಿ ಹೇಳಿಯೇ ನದಿಗೆ ಬಿದ್ದದ್ದು. ಕ್ಯೋನಿಗ್ಸ್‌ಬರ್ಗ್ ಅವತ್ತೇ ಮುಗೀತು, ಇವರನ್ನ ದೋಣಿಯವರು ಎತ್ತಿದ್ರು."

"ನೀರಿನ ವಿಮಾನ ನೀರಿಂದ ಏಳ್ಲಿಲ್ಲ, ನೆಲದ ವಿಮಾನ ನೀರಿಗೆ ಬಿತ್ತು" ಅಂತ ಗಣೇಶ ಲೆಕ್ಕ ಚುಕ್ತಾ ಮಾಡಿದ.

ಮಳೆ ಸ್ವಲ್ಪ ಕಮ್ಮಿ ಆಗಿತ್ತು, ಎದ್ದು ಬಾಗಿಲ ಹತ್ತಿರ ನಿಂತೆವು. ಎದುರಿಗೆ ಬೂದಿ ಬಣ್ಣದ ಕಡಲು. ಈ ಕಡಲಿಗೂ ಆ ಕಥೆ ಬಂದಿತ್ತು ಅಂತ ಹೇಳಿದ್ರೆ ಇವರು ನಂಬುದಿಲ್ಲ. ವುಲ್ಫ್ ಅಂತ ಜರ್ಮನ್ ಹಡಗು, ಸರಕು ಹಡಗಿನ ವೇಷ, ಹೊಟ್ಟೆಯಲ್ಲಿ ಮೈನು, ಡೆಕ್ಕಿನ ಮೇಲೆ ಬಿಚ್ಚಿ ಜೋಡಿಸುವ ಒಂದು ಸೀಪ್ಲೇನ್, ಹೆಸರು ವೋಲ್ಫ್‌ಶೆನ್, ತೋಳದ ಮರಿ. 1917ರ ಫೆಬ್ರವರಿಯಲ್ಲಿ ಬೊಂಬಾಯಿ ಎದುರು ಮೈನು ಹಾಕಿ ಹೋಯ್ತು, ಜೂನ್ 23ಕ್ಕೆ ಮಂಗೋಲಿಯಾ ಅನ್ನುವ ಪ್ಯಾಸೆಂಜರ್ ಹಡಗು ಅದಕ್ಕೆ ತಾಗಿ ಮುಳುಗಿತು. ಆ ಹೊತ್ತಿಗೆ ವುಲ್ಫ್ ನ್ಯೂಜಿಲೆಂಡ್ ಆಚೆ, ಅಲ್ಲಿ ತೋಳದ ಮರಿ ಮೇಲಿಂದ ಹಾರಿ ಬಂದು ವೈರೂನಾ ಅನ್ನುವ ಹಡಗಿನ ಮೇಲೆ ಚೀಟಿ ಎಸೀತು, ನಿಲ್ಲಿ, ವೈರ್‌ಲೆಸ್ ಮುಟ್ಟಬೇಡಿ ಅಂತ. ಚೀಟಿ ಸಾಲದು ಅಂತ ಮುಂದೆ ಒಂದು ಬಾಂಬ್. ಅವರು ನಿಂತ್ರು. 451 ದಿನ ಒಂದು ಬಂದರನ್ನೂ ಮುಟ್ಟದೆ ತಿರುಗಿ 1918ರ ಫೆಬ್ರವರಿಯಲ್ಲಿ ಊರಿಗೆ ಹೋಯ್ತು. ಇದನ್ನ ಹುಡುಕ್ಲಿಕ್ಕೆ ಇಂಗ್ಲಿಷರು ರೇವನ್ ಅನ್ನುವ ತಮ್ಮ ಸೀಪ್ಲೇನ್ ಹಡಗನ್ನ ಲಕ್ಷದ್ವೀಪ, ಮಾಲ್ಡೀವ್ಸ್ ಕಡೆ ಎಲ್ಲ ಸುತ್ತಿಸಿದ್ರು, ಅದು ಮೊದಲು ಜರ್ಮನರ ಹಡಗೇ, ಹಿಡಿದು ಹೆಸರು ಬದಲಿಸಿದ್ದು. ಕಾಗೆಗೆ ತೋಳ ಸಿಗ್ಲಿಲ್ಲ.

"ಡೀಸೆಲ್ ಯಾರು ಹಾಕಿದ್ದು 451 ದಿನ?" ಅಂತ ಗಣೇಶ ಕೇಳಿದ. ಹಿಡಿದ ಹಡಗುಗಳ ಕಲ್ಲಿದ್ದಲನ್ನೇ ತುಂಬಿಕೊಂಡು ಅಂತ ಹೇಳಿದೆ. ಅವನು ತುಂಬ ಹೊತ್ತು ಯೋಚನೆ ಮಾಡಿದ, ಮುಖದಲ್ಲಿ ಒಂದು ನಮೂನೆ ಆಸೆ ಇತ್ತು.

"ಸರಿ, ಮಲ್ಪೆ ಬೇಡ" ಅಂದ ಕಿರಣ. "ಬೆಂಗಳೂರು. ಕೆರೆ. ಅಲೆ ಇಲ್ಲ."

"ಅದೂ ಆಗಿದೆ. ಎರಡನೇ ಮಹಾಯುದ್ಧದಲ್ಲಿ ಕ್ಯಾಟಲಿನಾ ಅನ್ನುವ ದೊಡ್ಡ ಹಾರುವ ದೋಣಿಗಳು ಎಚ್‌ಎಎಲ್‌ಗೆ ರಿಪೇರಿಗೆ ಬರ್ತಿದ್ವು. ಇಳೀತಿದ್ದದ್ದು ಬೆಳ್ಳಂದೂರು ಕೆರೆಗೆ."

"ಬೆಳ್ಳಂದೂರು!" ಕಿರಣನ ಆಫೀಸು ಅಲ್ಲೇ ಪಕ್ಕದಲ್ಲಿ. ಅವನ ಕಣ್ಣೆದುರು ನೊರೆ ಬಂದಿರ್ಬೇಕು. ಅಲ್ಲಿ ಈಗ ಇಳಿದ್ರೆ ಪೈಲಟ್‌ಗೆ ನೀರು ಸಿಗುದು ಆಮೇಲೆ, ಮೊದಲು ಸೋಪಿನ ಬುರುಗು, ಕೆಲವು ವರ್ಷದ ಹಿಂದೆ ಅಂತೂ ಕೆರೆಗೇ ಬೆಂಕಿ ಬಿದ್ದಿತ್ತು. ವಿಮಾನ ಮಾತ್ರ ಫಳಫಳ ತೊಳೆದು ಬರ್ತದೆ.

"ಗಾಳಿ ನುಗ್ಗಲಿಕ್ಕೆ ಮೆಟ್ಟಿಲ ಬ್ಯಾಡ ಅಲ್ಲಿ" ಅಂದ ಬಸು, "ನೊರೀನ ಐತಿ."

ನೌಕಾಪಡೆಯವರು ಕೊನೆಗೆ ಯಾಕೆ ಬಿಟ್ರು ಅಂತ ಕಾರಿಗೆ ಹತ್ತುವಾಗ ಗಣೇಶ ಕೇಳಿದ, ಅವನಿಗೆ ಅರ್ಧ ಗೊತ್ತಿತ್ತು. ಕಡಲ ನಡುವೆ ಹಡಗು ನಿಲ್ಲಿಸಿ ವಿಮಾನ ಇಳಿಸ್ಬೇಕು, ಮತ್ತೆ ನಿಲ್ಲಿಸಿ ಎತ್ತಬೇಕು, ನಿಂತ ಹಡಗು ಅಂದ್ರೆ ಜಲಾಂತರ್ಗಾಮಿಗೆ ಬಾಳೆಲೆ ಹಾಕಿ ಕರೆದ ಹಾಗೆ. 1916ರ ಜಟ್ಲೆಂಡ್ ಯುದ್ಧದಲ್ಲಿ ಅಷ್ಟು ದೊಡ್ಡ ಎರಡು ನೌಕಾಪಡೆ ಎದುರಾದಾಗ ಇಂಗ್ಲಿಷರ ಕಡೆಯಿಂದ ಎದ್ದದ್ದು ಒಂದೇ ಒಂದು ಸೀಪ್ಲೇನ್, ಎಂಗಡೀನ್ ಹಡಗಿನ ಶಾರ್ಟ್ 184. ರಟ್ಲೆಂಡ್ ಹಾರಿಸಿದ, ಹಿಂದೆ ಕೂತ ಟ್ರೆವಿನ್ ಜರ್ಮನ್ ಹಡಗುಗಳನ್ನ ಕಂಡು ವೈರ್‌ಲೆಸ್ ಮಾಡಿದ, ಸಂದೇಶ ಎಂಗಡೀನಿಗೆ ಬಂತು, ಅಲ್ಲಿಂದ ಸೇನಾಪತಿಯ ಹಡಗಿಗೆ ಹೋಗ್ಲೇ ಇಲ್ಲ. ಪೆಟ್ರೋಲ್ ಪೈಪ್ ತುಂಡಾಗಿ ಕೆಳಗಿಳಿದು, ರಬ್ಬರ್ ಟ್ಯೂಬ್ ಸುತ್ತಿ ರಿಪೇರಿ ಮಾಡಿ ನಾನು ರೆಡಿ ಅಂದ, ಸಾಕು ಹತ್ತಿ ಬಾ ಅಂದ್ರು. ಹತ್ತು ಸೀಪ್ಲೇನಿನ ದೊಡ್ಡ ಹಡಗು ಕಂಪೇನಿಯಾ ಇತ್ತು, ಅದಕ್ಕೆ ಹೊರಡುವ ಸಿಗ್ನಲ್ಲೇ ಕಾಣದೆ ತಡವಾಗಿ ಹೊರಟಿತು, ದಾರಿಯಿಂದ್ಲೇ ವಾಪಸ್ ಕಳಿಸಿದ್ರು. ಮುಂದಿನ ವರ್ಷ ಡನ್ನಿಂಗ್ ಎನ್ನುವವ ಚಲಿಸುವ ಫ್ಯೂರಿಯಸ್ ಹಡಗಿನ ಮೇಲೇ ಚಕ್ರದ ವಿಮಾನ ಇಳಿಸಿದ. ಎಲಿ ಮರಳು ಚೀಲ ಕಟ್ಟಿ ತೋರಿಸಿದ ಉಪಾಯಕ್ಕೇ ವಾಪಸ್ ಬಂದದ್ದು.

ಬಸುವಿನ ಕಾರಿಗೂ ಹೆಚ್ಚುಕಡಿಮೆ ಅಷ್ಟೇ ವಯಸ್ಸು. ನಾಲ್ಕು ಜನ, ಡಿಕ್ಕಿಯಲ್ಲಿ ಗಣೇಶನ ಮನೆಯಿಂದ ಮಣಿಪಾಲಕ್ಕೆ ಹೋಗ್ಬೇಕಾದ 25 ಕಿಲೋ ಒಣಮೀನಿನ ಗೋಣಿ, ರಸ್ತೆ ತುಂಬ ನೀರು. ಉಡುಪಿ ದಾಟಿ ಏರಿಗೆ ಬಂದಾಗ ಕಾರು ಒಂದನೇ ಗೇರಲ್ಲಿ ಒದರಿತು, ಹೊಗೆ ಬಿಟ್ಟಿತು, ನಿಂತ ಜಾಗದಲ್ಲೇ ನಿಂತಿತು. ಬಸು ಸ್ಟೇರಿಂಗ್ ಹಿಡಿದುಕೊಂಡೇ ಹಿಂದೆ ತಿರುಗಿ ನೋಡಿದ.

"ಬಾಂಬ್ ಇಳಸ್ರಿ."

ಗಣೇಶ ಇಳಿದು ಗೋಣಿಯನ್ನ ರಸ್ತೆ ಬದಿಯ ಅಂಗಡಿಯ ಮಾಡಿನ ಕೆಳಗಿಟ್ಟು ವಾಪಸ್ ಕೂತ. ಕಾರು ಒಂದಡಿ ಹೋಯ್ತು, ಎರಡಡಿ ಹಿಂದೆ ಬಂತು.

"ವೀಕ್ಷಕ ಇಳೀಲಿ."

"ನಾನ್ಯಾಕ್ ಗುರು? ಗಣೇಶ ನನಗಿಂತ ದಪ್ಪ ಇದಾನೆ!"

"ಮೀನು ನನ್ನದು, ನಾನು ಬರ್ದೆ ಆಗುದಿಲ್ಲ" ಅಂದ ಗಣೇಶ, ಮೀನು ಆಗಲೇ ರಸ್ತೆ ಬದಿಯಲ್ಲಿ ಇತ್ತು ಅನ್ನುವುದು ಯಾರಿಗೂ ಹೊಳೀಲಿಲ್ಲ. ಕಿರಣ ಇಳಿದ. ಕಾರು ಗುರ್ ಅಂತ ಎದ್ದದ್ದೇ ಎದ್ದದ್ದು, ಈಗ ನಿಲ್ಲಿಸಿದ್ರೆ ಮತ್ತೆ ಹೊರಡುದಿಲ್ಲ ಅಂತ ಬಸು ನಿಲ್ಲಿಸ್ಲೇ ಇಲ್ಲ, ಹಿಂದಿನ ಗಾಜಲ್ಲಿ ಕಿರಣ ಒಣಮೀನಿನ ಗೋಣಿ ಪಕ್ಕ ಕೈ ಬೀಸ್ತಾ ಸಣ್ಣ ಆಗ್ತಾ ಹೋದ, ಮಳೆ ಮತ್ತೆ ಜೋರಾಯ್ತು.

ಟೈಗರ್ ಸರ್ಕಲ್ ಮುಟ್ಟುವ ಹೊತ್ತಿಗೆ ನನ್ನ ಫೋನ್ ಟಿಂಗ್ ಅಂತು. ಗ್ರೂಪಲ್ಲಿ ಕಿರಣನ ಮೆಸೇಜು, "ಏಟು ಬಿದ್ದಿದೆ. ದೋಣಿ ಕಳಿಸಿ."

ಅದರ ಕೆಳಗೆ ಇನ್ನೊಂದು, "ನಾಯಿ ಬಂದಿದೆ, ಮೀನಿನ ಹಿಂಭಾಗಕ್ಕೆ ಬಾಯಿ ಹಾಕ್ತಿದೆ."